ಬೀಗರೂ ಗಾಜಿನ ಬಚ್ಚಲೂ

ಮಗಳನ್ನು ಕೊಟ್ಟ ಮನೆಯವರ ಎದುರು ಅಂಗಿಯ ಮೇಲಿನ ಗುಂಡಿ ಬಿಚ್ಚಲೂ ಹಿಂಜರಿಯುವವನು ನಾನು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವುದು ನನ್ನ ಕಸುಬು. ಊರವರ ಮಾನ ಮುಚ್ಚುವವನು ತನ್ನದನ್ನು ಬಿಡಬಾರದಲ್ಲ. ಬೀಗರೂ ಅಂಥವರೇ. ಮಡಕಶಿರ ಕಡೆ ಹಿಪ್ಪುನೇರಳೆ ಬೆಳೆಯುವ ಅವರು ನನ್ನೆದುರು ಹೆಗಲಿನ ಟವೆಲ್ಲು ಇಳಿಸಿದ್ದನ್ನೂ ನಾನು ಕಂಡಿಲ್ಲ. ಅಂಥ ನಮ್ಮಿಬ್ಬರನ್ನು ಅಳಿಯ ಬೆಂಗಳೂರಿನಲ್ಲಿ ಒಂದೇ ಕೋಣೆಗೆ ಹಾಕಿದ.

ನೆಂಟರ ಆರತಕ್ಷತೆಗೆ ಹೋಗಿದ್ದೆವು. ಅಳಿಯ ಫೋನಿನಲ್ಲಿ ಫೋಟೊ ನೋಡಿ ಬುಕ್ ಮಾಡಿದ್ದ ಹೋಟೆಲ್ಲು ಪಬ್ಬುಗಳ ಬೀದಿಯಲ್ಲಿತ್ತು. ಸಂಜೆಗೇ ನೆಲ ನಡುಗುವಂಥ ಡ್ರಮ್ಮು. ಬಾಗಿಲಲ್ಲಿ ನಿಂತಿದ್ದವರ ಮೊಣಕಾಲೆಲ್ಲ ಹರಿದ ಜೀನ್ಸಿನಿಂದ ಹೊರಗೆ ಇಣುಕುತ್ತಿತ್ತು. ಈಗೀಗ ಹೊಲಿಯುವುದಕ್ಕಿಂತ ಹರಿದುಕೊಡುವುದಕ್ಕೇ ಕೂಲಿ ಹೆಚ್ಚು ಎಂದು ಬೀಗರಿಗೆ ವಿವರಿಸುತ್ತ ಕೋಣೆಗೆ ಹೋದೆ. ಅಲ್ಲಿ ನೀಲಿ ಬಣ್ಣದ ಮಂದ ಬೆಳಕು; ಗೋಡೆ ಯಾವುದು, ಬಾಗಿಲು ಯಾವುದು ತಿಳಿಯದು. ತಿಳಿದದ್ದು ಒಂದೇ: ಬಚ್ಚಲಿಗೆ ಗೋಡೆಯಿಲ್ಲ, ಗಾಜು. ಪರದೆಯೂ ಇಲ್ಲ.

ಕೆಳಗೆ ಫೋನ್ ಮಾಡಿ ಕೇಳಿದರೆ ಅದು ಡಿಸೈನ್ ಸಾರ್ ಎಂದರು. ಮೈಮೇಲೆ ಬಸ್ಸಿನ ಧೂಳು; ಸ್ನಾನ ಮಾಡದೆ ನಾಲ್ಕು ಜನರ ನಡುವೆ ಹೋಗುವಂತಿಲ್ಲ. ಕೊನೆಗೆ ನಾನೇ ಧೈರ್ಯ ಮಾಡಿದೆ.

“ಬೀಗರ, ನೀವು ಆ ಕಡಿ ಗೋಡಿಗೆ ಮುಖ ಮಾಡಿ ಕುಂದರ್ರಿ. ಹಿಂಗ ಹೋಗಿ ಹಂಗ ಬರ್ತೀನಿ.”

ಬೀಗರು ಪಾಪ, ಹಾಗೇ ಕೂತರು. ನಾನು ದೀಪ ಹಾಕಿಕೊಂಡು, ಅವರಿಗೆ ಬೆನ್ನು ಮಾಡಿ, ಸಾವಕಾಶವಾಗಿ ಎರಡು ಸಲ ಸೋಪು ಹಚ್ಚಿ ಮಿಂದೆ. ಗುನುಗಿಕೊಂಡೂ ಇದ್ದೆನೆಂದು ನೆನಪು. ಕರೆಂಟು ದಂಡವೆಂದು ದೀಪ ಆರಿಸಿ, ತಲೆ ಒರೆಸಿಕೊಳ್ಳುತ್ತ ಹೊರಬಂದು ಬಟ್ಟೆ ಹಾಕಿಕೊಂಡೆ.

ಆಮೇಲೆ ಅವರ ಸರದಿ. ಅವರು ಕೂತಿದ್ದಲ್ಲೇ ಕೂತು ಅದೇ ಗೋಡೆಗೆ ಮುಖ ಮಾಡಿದೆ. ಬೀಗರು ಬಚ್ಚಲ ದೀಪ ಹಾಕಿದರು. ಅದು ಗೋಡೆಯಲ್ಲ, ನೆಲದಿಂದ ಸೂರಿನವರೆಗೆ ಕನ್ನಡಿ. ಅದರೊಳಗೆ ಬೀಗರು ಪಂಚೆಯ ಗಂಟಿಗೆ ಕೈ ಹಾಕಿದ್ದರು. ಗಟ್ಟಿಯಾಗಿ ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣೆದುರು ನನ್ನದೇ ಸ್ನಾನ ಮೊದಲಿನಿಂದ ಕೊನೆಯವರೆಗೆ ಬಂತು. ಭೂಮಿ ಬಾಯಿಬಿಡಬಾರದೇ ಎನಿಸಿತು.

ಅವರು ಮಿಂದು ಬಂದ ಮೇಲೆ, ನಾನು ಮೀಯುವಾಗ ತಾವು ಕಣ್ಣು ಮುಚ್ಚಿಕೊಂಡಿದ್ದಿರಾ ಎಂದು ಹೇಗೋ ಕೇಳಿದೆ. ನನ್ನ ಅಂಗಿಯ ಗುಂಡಿಗಳೆಲ್ಲ ಕತ್ತಿನವರೆಗೆ ಬಿಗಿದಿದ್ದವು.

“ನಾನೇನೂ ನೋಡ್ಲಿಲ್ಲ ಬಿಡಿ ಬೀಗ್ರೆ,” ಎಂದರು ಟವೆಲ್ಲನ್ನು ಹೆಗಲಿಗೇರಿಸುತ್ತ. “ಬೆನ್ನಾಗೆ ಸೋಪು ಉಳ್ಕಂಡೈತೆ, ಒರಸ್ಕಳಿ.”

ಮಾತು ಅಲ್ಲಿಗೆ ಮುಗಿಯಿತು. ಮಗಳ ಸಂಸಾರ ಚೆನ್ನಾಗಿದೆ, ದೇವರು ದೊಡ್ಡವನು. ಈ ಯುಗಾದಿಗೆ ಬೀಗರು ನನಗೊಂದು ರೆಡಿಮೇಡ್ ಪ್ಯಾಂಟು ಕಳಿಸಿದರು. ಅಳತೆ ಕೇಳಿರಲಿಲ್ಲ. ಊರಿಗೆಲ್ಲ ಟೇಪು ಹಿಡಿಯುವ ನಾನು ನನಗೇ ಹೊಲಿದುಕೊಂಡ ಯಾವ ಪ್ಯಾಂಟೂ ಇಷ್ಟು ಸರಿಯಾಗಿ ಕೂತಿಲ್ಲ.