ಊರು, ಹೆಸರು ಮತ್ತು ಚಿಕ್ಕಪ್ಪನ ಆತ್ಮೀಯ ಮಾತು

ನಮ್ಮ ಚಿಕ್ಕಪ್ಪ ಒಂದೇ ಕಾಗದ ಬರೆದು ನೂರು ಜನರಿಂದ ಬೈಸಿಕೊಂಡವರು. ನಂಬುವುದಿಲ್ಲವೇ? ಅರಸೀಕೆರೆಯಲ್ಲಿ ಯಾರನ್ನಾದರೂ ಕೇಳಿ. ಆ ನೂರರಲ್ಲಿ ಅವರೂ ಒಬ್ಬರಾಗಿರುತ್ತಾರೆ!

ಗುಮಾಸ್ತಗಿರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಕಂಪ್ಯೂಟರಿನಲ್ಲಿ ಒಂದು ವಿದ್ಯೆ ಸಿಕ್ಕಿತು. ಕಾಗದವನ್ನು ಒಮ್ಮೆ ಬರೆದು, ಹೆಸರು, ಊರು ಬರಬೇಕಾದಲ್ಲಿ ಗುರುತು ಹಾಕಿದರಾಯಿತು. ನೆಂಟರ ಪಟ್ಟಿಯಿಂದ ಒಬ್ಬೊಬ್ಬರ ಹೆಸರೂ ತಾನಾಗಿ ಬಂದು ಅಲ್ಲಿ ಕೂರುತ್ತದೆ.

"ಪ್ರತಿಯೊಬ್ಬರಿಗೂ ನಾನೇ ಕೂತು ಬರೆದ ಹಾಗಿರುತ್ತೆ ಕಣೋ!" ಎಂದು ನನ್ನ ಮುಂದೆ ಬೀಗಿದರು.

ಮೊದಲ ಪ್ರಯೋಗ ಯುಗಾದಿಯ ಶುಭಾಶಯ. ಊರಿನ ಗುರುತಿನ ಪಕ್ಕದಲ್ಲಿ "ನಲ್ಲಿ" ಎಂದು ಸೇರಿಸಿಬಿಟ್ಟಿದ್ದರು. "ಬೇಲೂರುನಲ್ಲಿ ಎಲ್ಲವೂ ಕ್ಷೇಮವೇ?" ಎಂಬುದನ್ನು ಬೇಲೂರಿನವರು ಹೇಗೋ ಸಹಿಸಿಕೊಂಡರು. ಆದರೆ ನನ್ನ ಅಕ್ಕ ಇರುವ ಊರು ಗಂಡಸಿ! ಅವಳಿಗೆ ಹೋದದ್ದು, "ಗಂಡಸಿನಲ್ಲಿ ಎಲ್ಲವೂ ಕ್ಷೇಮವೇ?"

ಭಾವ ಫೋನ್ ಮಾಡಿದರು. "ಏನ್ ಮಾವ, ನನ್ ಮೇಲೆ ಏನಾದ್ರೂ ಅನುಮಾನ ಐತಾ?"

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೈಮುಗಿಯುತ್ತಿದ್ದರು. ಚಿಕ್ಕಪ್ಪ ಮೊಮ್ಮಗಳ ನಾಮಕರಣದ ಆಹ್ವಾನಕ್ಕೆ ಪಟ್ಟಿಯಲ್ಲಿ ಇನ್ನೊಂದು ಕಾಲಂ ಸೇರಿಸಿದರು: "ಆತ್ಮೀಯ ಮಾತು". ಒಬ್ಬೊಬ್ಬರಿಗೆ ಒಂದೊಂದು ವಾಕ್ಯ! ವಾರವಿಡೀ ಕೂತು ಬರೆದರು. ಕೊನೆಗೆ, ಹೆಸರುಗಳು ಅಕಾರಾದಿಯಲ್ಲಿದ್ದರೆ ಚೆಂದ ಅನ್ನಿಸಿತಂತೆ. ಹೆಸರು, ವಿಳಾಸಗಳನ್ನಷ್ಟೇ ಹೊಸದಾಗಿ ಜೋಡಿಸಿದರು. ಆತ್ಮೀಯ ಮಾತುಗಳು ಇದ್ದಲ್ಲೇ ಉಳಿದವು. ಕಾಗದಗಳು ಅಂಚೆ ಡಬ್ಬಿ ಸೇರಿದವು.

ಮದುವೆಯೇ ಆಗದ ನಮ್ಮ ಮೇಷ್ಟರಿಗೆ, "ಏಳು ತಿಂಗಳು ತುಂಬಿದೆ, ಬಸ್ಸಿನಲ್ಲಿ ಜೋಪಾನವಾಗಿ ಬಾ" ಎಂದು ಹೋಗಿತ್ತು.

"ಬತ್ತೀನಿ ಬಿಡಿ, ಕಿಟಕಿ ಪಕ್ಕ ಕೂತ್ಕೊಂಡು," ಎಂದರಂತೆ ಅವರು.

ಚಿಕ್ಕಪ್ಪ ನಗಲಿಲ್ಲ. ಗಾಬರಿಯಿಂದ ಪಟ್ಟಿ ತೆಗೆದು ಹಳೇಬೀಡಿನ ಸಾಲು ಹುಡುಕಿದರು. ಅಲ್ಲಿರುವುದು ಅವರ ಅಕ್ಕ, ನನ್ನ ಸೋದರತ್ತೆ. ಅಕ್ಕತಮ್ಮನ ನಡುವೆ ಮಾತು ನಿಂತು ಏಳು ವರ್ಷವಾಗಿತ್ತು. ಕಾರಣ? ಅತ್ತೆಯ ಮಗಳ ಲಗ್ನಪತ್ರಿಕೆಯ ಕಾಗುಣಿತದ ತಪ್ಪುಗಳಿಗೆಲ್ಲ ಚಿಕ್ಕಪ್ಪ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸ್ ಕಳಿಸಿದ್ದರು!

ಈಗ ಆ ಅಕ್ಕನಿಗೆ ಹೋಗಿದ್ದ ಮಾತು, ಹಳೆಯ ಗೆಳೆಯನಿಗೆಂದು ಬರೆದದ್ದು: "ನಿನ್ನ ಮೀಸೆ ನೋಡಿ ಎಷ್ಟು ದಿನವಾಯಿತು! ನೀನು ಬರದಿದ್ದರೆ ನನಗೆ ತುತ್ತು ಇಳಿಯುವುದಿಲ್ಲ."

"ಮುಗೀತು ಕಣೋ," ಎಂದು ಚಿಕ್ಕಪ್ಪ ತಲೆ ಹಿಡಿದುಕೊಂಡರು. "ಇನ್ನು ಈ ಜನ್ಮದಲ್ಲಿ ಬರಲ್ಲ ಅವಳು."

ನಾಮಕರಣದ ದಿನ ಮೊದಲ ಬಸ್ಸಿಗೇ ಅತ್ತೆ ಬಂದಿಳಿದರು. ಚಿಕ್ಕಪ್ಪ ಬಾಗಿಲಲ್ಲಿ ಕಂಬದಂತೆ ನಿಂತರು. ಅತ್ತೆ ಒಳಗೆ ಬಂದು ಚಾಪೆಯ ಮೇಲೆ ಕೂತು, ಚೀಲದಿಂದ ಕಾಗದ ತೆಗೆದರು.

"ಮೀಸೆ ನಂದಲ್ಲ ಅಂತ ಗೊತ್ತಾಯ್ತು," ಎಂದರು. "ಆದ್ರೂ ಮೇಲಿನ ಹೆಸರು ನಂದೇ ಐತಲ್ಲ ಅಂತ ಬಂದೆ. ನಂಗೆ ಅಂತ ಏನ್ ಬರ್ದಿದ್ದೆ?"

ಚಿಕ್ಕಪ್ಪ ನೆಲ ನೋಡಿದರು. "ಖಾಲಿ ಬಿಟ್ಟಿದ್ದೆ ಅಕ್ಕ. ದಿನಾ ಬರೀತಿದ್ದೆ, ಅಳಿಸ್ತಿದ್ದೆ. ಯಾವುದೂ ಸರಿ ಹೋಗ್ಲಿಲ್ಲ."

ತೊಟ್ಟಿಲ ಸುತ್ತ ಎಲ್ಲರೂ ಕಾಯುತ್ತಿದ್ದರು. ಯಾರೂ ಕರೆಯಲಿಲ್ಲ. ಅತ್ತೆ ಕಾಗದ ಮಡಿಸಿಟ್ಟು, ಚಾಪೆಯ ಮೇಲೆ ತುಸು ಸರಿದು ಜಾಗ ಮಾಡಿದರು.

"ಕೂತ್ಕೊ. ಈಗ ಬಾಯಲ್ಲೇ ಹೇಳು."