ಆರು ಮೊಲ, ಒಂದು ಷರಾ

ದೇವೇಂದ್ರಪ್ಪನವರಿಗೆ ಬರೀ ಸಹಿ ಹಾಕಿ ಸುಮ್ಮನಾಗುವುದು ಗೊತ್ತಿರಲಿಲ್ಲ. ಸಹಿಯ ಮೇಲೆ ಒಂದು ಷರಾ ಬೀಳಲೇಬೇಕು. ದಿಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕಡತ ತಿರುವಿದ ಕೈ ಅದು. ಯಾರಾದರೂ ಕಡತ ಕಳೆದರೆ ಮೆಮೊ ಕೊಟ್ಟು ವಿವರಣೆ ಕೇಳುವ ಕೆಲಸವೂ ಅವರದೇ. ಮಗಳು ಲಾವಣ್ಯಾಳ ಶಾಲೆಯ ಅಂಕಪಟ್ಟಿಯಲ್ಲಿ ‘ಗಣಿತದಲ್ಲಿ ಕುಸಿತ, ಕಾರಣ ತಿಳಿಸಿ’ ಎಂದು ಬರೆದು ಕಳಿಸಿದ್ದರು. ಗ್ಯಾಸ್ ಸಿಲಿಂಡರಿನ ಚೀಟಿಯಲ್ಲೂ ‘ಸೀಲು ನೋಡಲಾಗಿದೆ, ತೂಕ ನೋಡಿಲ್ಲ’ ಎಂದು ಬರೆಯುತ್ತಿದ್ದರು. ಗ್ಯಾಸಿನ ಭಯ್ಯಾ ಅವರ ಮನೆಗೆಂದೇ ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಂಡು ಬರುತ್ತಿದ್ದ.

ಈ ಚಟವೇ ೨೦೦೬ರ ನವೆಂಬರಿನ ಒಂದು ಶನಿವಾರ ಅವರನ್ನು ಸಿಕ್ಕಿಸಿ ಹಾಕಿತು.

ನೋಯ್ಡಾದ ಶಾಂಪೂ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಪ್ರಾಣಿಗಳ ಮೇಲೆ ಏನನ್ನೇ ಪರೀಕ್ಷಿಸಬೇಕಾದರೂ ಮೊದಲು ಒಂದು ನೈತಿಕ ಸಮಿತಿ ಒಪ್ಪಬೇಕಿತ್ತು. ಸಮಿತಿಯಲ್ಲಿ ವಿಜ್ಞಾನಿಯಲ್ಲದ ಹೊರಗಿನವರೊಬ್ಬರು ಇರಬೇಕೆಂಬ ನಿಯಮವೂ ಇತ್ತು. ಅಲ್ಲಿನ ವಿಜ್ಞಾನಿ ಡಾ. ವೈಜಯಂತಿ ಮೈಸೂರಿನವರು. ಕನ್ನಡ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ದೇವೇಂದ್ರಪ್ಪನವರನ್ನು ನೋಡಿ, ಸಸ್ಯಾಹಾರಿ, ಸರ್ಕಾರಿ ನೌಕರ, ಸಭ್ಯಸ್ಥ ಎಂದು ಲೆಕ್ಕ ಹಾಕಿ ಅಲ್ಲೇ ಹಿಡಿದುಬಿಟ್ಟಿದ್ದರು.

“ಮೂರು ತಿಂಗಳಿಗೊಂದು ಮೀಟಿಂಗ್ ಸರ್. ಒಂದು ಸಹಿ, ಒಂದು ಸಮೋಸಾ. ಅಷ್ಟೇ.”

ಮೊದಲ ಮೀಟಿಂಗಿನ ದಿನ ಆರ್.ಕೆ.ಪುರಂನ ಕ್ವಾರ್ಟರ್ಸ್ ಮುಂದೆ ಕಂಪನಿಯ ಕಾರು ಬಂದು ನಿಂತಿತು. ಮೇಲಿನ ಮನೆಯ ರತ್ನಪ್ರಭಾ ಬಾಲ್ಕನಿಯಿಂದಲೇ ಕೂಗಿದರು. “ಅಣ್ಣಾ, ಸ್ಯಾಂಪಲ್ ಕೊಟ್ರೆ ನನಗೂ ಎರಡು ತನ್ನಿ. ಈ ದಿಲ್ಲಿ ನೀರಿಗೆ ಕೂದಲೆಲ್ಲ ಉದುರಿ ಹೋಗ್ತಿದೆ.”

ಲಾವಣ್ಯಾ ಈಗ ಕಾಲೇಜಿನಲ್ಲಿದ್ದಳು. ಸಮಿತಿಯ ಸುದ್ದಿ ಕೇಳಿ ಅಪ್ಪನ ಜೊತೆ ಮಾತು ಬಿಟ್ಟು ನಾಲ್ಕು ದಿನವಾಗಿತ್ತು. ಚಪ್ಪಲಿ ಮೆಟ್ಟುವ ಹೊತ್ತಿಗೆ ಬಾಗಿಲಿಗೆ ಬಂದಳು.

“ಮೊಲದ ಕಣ್ಣಿಗೆ ಶಾಂಪೂ ಹಾಕಿ ನೋಡ್ತಾರೆ ಅಪ್ಪಾ, ಪತಾ ಹೈ? ನೀವು ಹೋಗಿ ಸೈನ್ ಮಾಡಿ ಬರ್ತೀರಿ, ಬಸ್.”

“ಎಲ್ಲಕ್ಕೂ ನಿಯಮ ಇರುತ್ತಮ್ಮ.”

“ಕಣ್ಣಿಗೂ?”

ದೇವೇಂದ್ರಪ್ಪನವರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. ಹೋಗಿ ಕಾರಿನಲ್ಲಿ ಕುಳಿತರು.

ಮೀಟಿಂಗಿನಲ್ಲಿ ಎಲ್ಲ ಸಲೀಸಾಗಿತ್ತು. ಹೊಸ ಶಾಂಪೂ, ಆರು ಮೊಲ, ಒಂದೊಂದರ ಒಂದು ಕಣ್ಣಿಗೆ ಒಂದೊಂದು ಹನಿ. ಐವರು ಸದಸ್ಯರಲ್ಲಿ ನಾಲ್ವರು ಆಗಲೇ ಸಹಿ ಹಾಕಿದ್ದರು. ಅಧ್ಯಕ್ಷರದು ಹಸಿರು ಶಾಯಿ. ಕಡತ ದೇವೇಂದ್ರಪ್ಪನವರ ಮುಂದೆ ಬಂತು. ಅವರು ಪೆನ್ನು ತೆಗೆದರು. ಕೈ ತನ್ನಷ್ಟಕ್ಕೆ ತಾನೇ ಬರೆಯಿತು: ‘ಸ್ಥಳ ಪರಿಶೀಲನೆ ಆಗಿದೆಯೇ?’

ಅಧ್ಯಕ್ಷರ ಸಮೋಸಾ ಬಾಯಿಯ ಹತ್ತಿರ ಬಂದು ನಿಂತಿತು. ಆ ಸಮಿತಿಯಲ್ಲಿ ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಕಾಗದದ ಮೇಲೆ ಬಂದಮೇಲೆ ತೋರಿಸದೆ ವಿಧಿಯಿರಲಿಲ್ಲ. ವೈಜಯಂತಿ ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು.

ಬಿಳಿ ಗೋಡೆ, ಬಿಳಿ ದೀಪ, ಆರು ಗೂಡುಗಳಲ್ಲಿ ಆರು ಬಿಳಿ ಮೊಲ. ಇಷ್ಟು ಜೀವಗಳಿರುವ ಕೋಣೆ ಇಷ್ಟು ನಿಶ್ಶಬ್ದವಾಗಿರಬಹುದು ಎಂದು ದೇವೇಂದ್ರಪ್ಪನವರಿಗೆ ಗೊತ್ತಿರಲಿಲ್ಲ.

“ಹೋದ ವಾರವಷ್ಟೇ ಹರಿಯಾಣದಿಂದ ಬಂದವು ಸರ್.”

“ಮೊಲವೇ ಯಾಕೆ?”

ವೈಜಯಂತಿ ಹೇಳಿದರು. “ಮೊಲಕ್ಕೆ ಕಣ್ಣೀರು ಕಮ್ಮಿ ಸರ್. ಹಾಕಿದ್ದು ತೊಳೆದು ಹೋಗಲ್ಲ. ನೋವಾದ್ರೂ ಕೂಗೋದು ಅಪರೂಪ.”

ದೇವೇಂದ್ರಪ್ಪನವರು ಬಗ್ಗಿ ನೋಡಿದರು. ಮೊಲವೊಂದು ಮೂಗು ಅಲ್ಲಾಡಿಸುತ್ತ ಅವರನ್ನೇ ನೋಡಿತು. ಅದರ ಕೆಂಪು ಕಣ್ಣಿನಲ್ಲಿ ಅವರ ಕನ್ನಡಕ, ಬೋಳು ಹಣೆ, ಕೈಯಲ್ಲಿದ್ದ ಪೆನ್ನು ಎಲ್ಲ ಪುಟ್ಟದಾಗಿ ಕಂಡವು. ಇಪ್ಪತ್ತೆಂಟು ವರ್ಷದಲ್ಲಿ ಕಡತದೊಳಗಿನ ವಿಷಯ ಹೀಗೆ ಎದುರಿಗೆ ಬಂದು ತಮ್ಮನ್ನು ನೋಡಿದ್ದು ಇದೇ ಮೊದಲು. ಅಳಲು ಬರದು ಎಂಬ ಕಾರಣಕ್ಕೇ ಆರಿಸಿಕೊಂಡ ಜೀವ.

“ಔಷಧಿಗಳಿಗೂ ಹೀಗೇನಾ?”

“ನೀವು ಬೆಳಿಗ್ಗೆ ನುಂಗಿದ ಬಿ.ಪಿ. ಮಾತ್ರೆ, ಮಗಳಿಗೆ ಹಾಕಿಸಿದ ಲಸಿಕೆ, ಎಲ್ಲದರ ಹಿಂದೆಯೂ ಯಾವುದೋ ಪ್ರಾಣಿ ಇದೆ ಸರ್. ಅದನ್ನ ನಾನು ಮುಚ್ಚಿಡಲ್ಲ.”

ಅವರು ಬಹಳ ಹೊತ್ತು ಗೂಡಿನ ಸರಳು ಹಿಡಿದು ನಿಂತರು. ಆಮೇಲೆ ಹಿಂದಿರುಗಿ ಕಡತದಲ್ಲಿ ಜನ್ಮದ ಅತಿ ದೊಡ್ಡ ಷರಾ ಬರೆದರು. ಇಂಗ್ಲಿಷಿನಲ್ಲಿದ್ದ ಅದರ ತಾತ್ಪರ್ಯ ಇಷ್ಟು: ‘ಜೀವ ಉಳಿಸುವ ಔಷಧಿಯ ಮಾತು ಬೇರೆ. ನೊರೆಗಾಗಿ ಕಣ್ಣು ಕೊಡಬೇಕೇ? ಪರ್ಯಾಯ ಪರಿಶೀಲಿಸಿ. ಅಲ್ಲಿಯವರೆಗೆ ಮೊಲಗಳಿಗೆ ಪ್ರಯೋಗಾಲಯದ ಹೊರಗೆ ಸೂಕ್ತ ವಸತಿ ಒದಗಿಸುವುದು.’

ಅಧ್ಯಕ್ಷರು ಎರಡು ಸಲ ಓದಿದರು. “ಒದಗಿಸುವುದು ಅಂತಿದೆ. ಯಾರು ಅಂತ ಬರೆದಿಲ್ಲವಲ್ಲ?”

ದೇವೇಂದ್ರಪ್ಪನವರು ಷರಾದ ಕೊನೆಯ ಸಾಲನ್ನು ಮತ್ತೆ ಓದಿದರು. ಇದೇ ತಪ್ಪಿಗೆ ಅವರು ಎಷ್ಟೋ ಗುಮಾಸ್ತರನ್ನು ಬೈದಿದ್ದರು. ಹೆಸರು ಬರೆಯದಿದ್ದರೆ ಕೆಲಸ ಬರೆದವನ ತಲೆಗೇ ಬರುತ್ತದೆ ಎಂದು ಅವರೇ ಪಾಠ ಮಾಡಿದ್ದರು. ಅಧ್ಯಕ್ಷರೂ ದಿಲ್ಲಿಯವರೇ, ಅವರಿಗೂ ಅದು ತಿಳಿದಿತ್ತು.

ಮಧ್ಯಾಹ್ನ ಆರ್.ಕೆ.ಪುರಂಗೆ ಕಾರು ಮುಂದೆ, ಆರು ಗೂಡುಗಳ ವ್ಯಾನು ಹಿಂದೆ ಬಂದವು. ದೇವೇಂದ್ರಪ್ಪನವರ ಕಂಕುಳಲ್ಲಿ ಮೂಲ ಕಡತವೂ ಇತ್ತು. ಮೂಲ ಕಡತ ಕಚೇರಿಯ ಹೊಸ್ತಿಲು ದಾಟಬಾರದು ಎಂದು ಊರಿಗೆಲ್ಲ ಹೇಳುತ್ತಿದ್ದವರು, ಮಗಳಿಗೆ ಷರಾ ತೋರಿಸುವ ಆಸೆಗೆ ಬಿದ್ದಿದ್ದರು. ಜೆರಾಕ್ಸ್ ಮಾಡುವವನು ಊಟಕ್ಕೆ ಹೋಗಿದ್ದ.

ಲಾವಣ್ಯಾ ಮಂಚದ ಮೇಲೆ ಕುಳಿತು ಷರಾ ಓದಿದಳು. ಮತ್ತೆ ಓದಿದಳು. ಆಮೇಲೆ ಕಡತವನ್ನು ಮಂಚದ ಮೇಲೇ ಬಿಟ್ಟು ಎದ್ದು ಬಂದು ಅಪ್ಪನನ್ನು ತಬ್ಬಿಕೊಂಡಳು. ಆ ಒಂದು ನಿಮಿಷಕ್ಕೆ ಇಪ್ಪತ್ತೆಂಟು ವರ್ಷದ ನೌಕರಿ ಸಾರ್ಥಕವಾಯಿತು ಎನ್ನಿಸಿತು ಅವರಿಗೆ.

“ಶಾಂಪೂ ಎಲ್ಲಿ ಅಣ್ಣಾ?” ಎನ್ನುತ್ತ ರತ್ನಪ್ರಭಾ ಬಂದರು. ಮೊಲಗಳನ್ನು ಕಂಡು ಶಾಂಪೂ ಮರೆತರು. “ಅಯ್ಯೋ ಪಾಪ, ಕಾಲೆಲ್ಲ ಮರಗಟ್ಟಿರುತ್ತೆ,” ಎಂದು ಯಾರನ್ನೂ ಕೇಳದೆ ಆರೂ ಗೂಡುಗಳ ಬಾಗಿಲು ತೆಗೆದುಬಿಟ್ಟರು.

ಎರಡು ಕೋಣೆಯ ಕ್ವಾರ್ಟರ್ಸ್‌ನಲ್ಲಿ ಆರು ಮೊಲ ಎಂದರೆ ಅರವತ್ತು ಮೊಲ. ಒಂದು ಫ್ರಿಜ್ಜಿನ ಹಿಂದೆ ಸೇರಿತು. ಮೂರು ಅಡುಗೆಮನೆಗೆ ಹೋಗಿ, ಹೆಂಡತಿ ಪದ್ಮಾ ಹಲ್ವಾಕ್ಕೆಂದು ತಂದಿಟ್ಟಿದ್ದ ಎರಡು ಕಿಲೋ ಕ್ಯಾರೆಟ್ಟಿನ ಮೇಲೆ ಬಿದ್ದವು. “ನಿಮ್ಮ ಸಹಿಗೆ ಬೆಂಕಿ ಹಾಕ,” ಎಂದು ಪದ್ಮಾ ಲಟ್ಟಣಿಗೆ ಹಿಡಿದು ಬಂದರು. ಮೊಲಗಳನ್ನು ನೋಡಿ ಲಟ್ಟಣಿಗೆ ಇಳಿಸಿ, ಇನ್ನಷ್ಟು ಕ್ಯಾರೆಟ್ ಹೆಚ್ಚಿ ಹಾಕಿದರು. ರತ್ನಪ್ರಭಾ ಸ್ಟೂಲಿನ ಮೇಲೆ ನಿಂತು ಎಲ್ಲರಿಗೂ ಸಲಹೆ ಕೊಟ್ಟರು.

ಐದು ಸಿಕ್ಕವು. ಆರನೆಯದು ಮಂಚದ ಕೆಳಗಿತ್ತು. ಮಂಚದ ಮೇಲಿಟ್ಟ ಕಡತ ಕಾಣಲಿಲ್ಲ. ದೇವೇಂದ್ರಪ್ಪನವರು ನೆಲಕ್ಕೆ ಮಲಗಿ ಕತ್ತಲಿಗೆ ಕೈ ಹಾಕಿದರು. ಮೊಲ ಅವರ ಬಲ ಹೆಬ್ಬೆರಳಿಗೆ ಕಚ್ಚಿತು. ಸದ್ದಿಲ್ಲದ ಪ್ರಾಣಿಯ ಪರವಾಗಿ ಅವರೇ ಕೂಗಿಕೊಂಡರು.

ಸೆಕ್ಟರಿನ ನರ್ಸಿಂಗ್ ಹೋಮಿನಲ್ಲಿ ಕೇರಳದ ನರ್ಸು ಗಾಯ ತೊಳೆದು ಟಿ.ಟಿ. ಇಂಜೆಕ್ಷನ್ ತೆಗೆದಳು. ರಿಜಿಸ್ಟರ್ ಮುಂದಿಟ್ಟಳು.

“ಸಿಸ್ಟರ್, ಯೇ ಪಹಲೇ ಕಿಸ್ ಪರ್ ಟೆಸ್ಟ್ ಹುವಾ ಥಾ?” ಇದನ್ನು ಮೊದಲು ಯಾರ ಮೇಲೆ ಪರೀಕ್ಷಿಸಿದ್ದು ಎಂದು ದೇವೇಂದ್ರಪ್ಪನವರು ಕೇಳಿದರು.

“ಮುಝೇ ಕ್ಯಾ ಪತಾ? ಸೈನ್ ಕೀಜಿಯೇ.” ನನಗೇನು ಗೊತ್ತು ಎಂಬಂತೆ ಅವಳು ಸಹಿಯ ಜಾಗ ತೋರಿಸಿದಳು.

ಪುಟ್ಟ ಗಾಜಿನ ಶೀಶೆ, ಒಂದೆರಡು ಹನಿಯಷ್ಟು ಮದ್ದು. ತಮಗಿಂತ ಮೊದಲು, ಎಲ್ಲೋ ಒಂದು ಬಿಳಿ ಕೋಣೆಯಲ್ಲಿ, ಹೆಸರೂ ಇಲ್ಲದ ಒಂದು ಜೀವ ಈ ಸೂಜಿಯನ್ನು ಸಹಿಸಿದೆ ಎಂದು ಅವರಿಗೆ ಹೊಳೆಯಿತು. ಅದಕ್ಕೆ ಯಾರೂ ರಿಜಿಸ್ಟರ್ ಚಾಚಿರಲಾರರು. ಮಗಳ ಕಡೆ ನೋಡಿದರು. ಲಾವಣ್ಯಾ ತಾನೇ ಅಪ್ಪನ ಅಂಗಿಯ ತೋಳು ಮಡಿಸಿದಳು. ಅವಳ ಕಣ್ಣು ತುಂಬಿತ್ತು. ದೇವೇಂದ್ರಪ್ಪನವರು ಎಡಗೈಯಲ್ಲಿ ಸಹಿ ಹಾಕಿದರು. ಷರಾ ಬರೆಯಲಿಲ್ಲ.

ಮನೆಗೆ ಬಂದಾಗ ರತ್ನಪ್ರಭಾ ಮತ್ತು ಪದ್ಮಾ ಮಂಚದ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದರು. “ಮೆಲ್ಲಗೆ ಬನ್ನಿ ರೀ,” ಎಂದು ಪದ್ಮಾ ಟಾರ್ಚ್ ಹಿಡಿದರು.

ಮೊಲ ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಹಾಸಿತ್ತು. ತುಪ್ಪಳದ ಕೆಳಗೆ ಸಣ್ಣಗೆ ಹರಿದ ಕಾಗದ. ಅದರ ಮೇಲೆ ಬೆರಳುದ್ದದ ಐದು ಮರಿಗಳು, ಇನ್ನೂ ಕಣ್ಣು ತೆರೆಯದವು. ಒಂದರ ಹೊಟ್ಟೆಯಡಿ ಅಧ್ಯಕ್ಷರ ಹಸಿರು ಸಹಿ ಇಣುಕುತ್ತಿತ್ತು. ದೇವೇಂದ್ರಪ್ಪನವರ ಷರಾ ಎಲ್ಲಿತ್ತೋ, ಯಾವ ಮರಿಗೆ ಹಾಸಿಗೆಯಾಗಿತ್ತೋ. ಅದು ಕಚ್ಚಿದ್ದು ಯಾಕೆಂದು ಅವರಿಗೆ ಈಗ ತಿಳಿಯಿತು. ಎದೆ ತುಂಬಿ ಬಂದು, ಬ್ಯಾಂಡೇಜಿನ ಕೈಯನ್ನೂ ಸೇರಿಸಿ ಮುಗಿದರು.

ಆಗ ಫೋನು ಬಂತು. ವೈಜಯಂತಿ.

“ಸರ್, ಪರ್ಯಾಯ ಪರಿಶೀಲಿಸಿದ್ರಂತೆ. ಏನೂ ಇಲ್ಲವಂತೆ. ಐದರಲ್ಲಿ ನಾಲ್ಕು ಸಹಿ ಇದೆ, ಬಹುಮತ ಅಂತಾರೆ ಅಧ್ಯಕ್ಷರು. ನಾಳೆ ಬೆಳಿಗ್ಗೆ ವ್ಯಾನು ಬರುತ್ತೆ. ಮೊಲಗಳನ್ನೂ ಫೈಲನ್ನೂ ಕೊಟ್ಟುಬಿಡಿ.”

“ಫೈಲ್ ಇಲ್ಲದಿದ್ರೆ?”

“ಇಲ್ಲದಿದ್ರೆ ಒಪ್ಪಿಗೇನೇ ಇಲ್ಲ ಸರ್. ಸಹಿಗಳೆಲ್ಲ ಅದರಲ್ಲೇ ಇರೋದು. ಮೊದಲಿಂದ ಅರ್ಜಿ, ಮೊದಲಿಂದ ಮೀಟಿಂಗ್.”

ದೇವೇಂದ್ರಪ್ಪನವರು ಮಂಚದ ಕೆಳಗೆ ನೋಡಿದರು. “ಫೈಲ್ ಸಿಗ್ತಾ ಇಲ್ಲ,” ಎಂದರು.

ಈ ಮಾತು ಆಡಿದ ಒಬ್ಬನನ್ನೂ ಅವರು ಇದುವರೆಗೆ ಬಿಟ್ಟಿರಲಿಲ್ಲ. ಆ ಕಡೆ ವೈಜಯಂತಿ ಎದ್ದು ಬಾಗಿಲು ಹಾಕಿದ ಸದ್ದು ಕೇಳಿತು. ಆಮೇಲೆ ದನಿ ತಗ್ಗಿಸಿದರು. “ಹಾಗಾದ್ರೆ ಜಾಸ್ತಿ ಹುಡುಕಬೇಡಿ ಸರ್. ಆದ್ರೆ ಅಧ್ಯಕ್ಷರು ಬಿಡಲ್ಲ, ಸೋಮವಾರಾನೇ ನಿಮ್ಮ ಆಫೀಸಿಗೆ ದೂರು ಬರೀತಾರೆ. ಫೈಲ್ ಸಿಗೋವರೆಗೂ ಮೊಲಗಳ ಜವಾಬ್ದಾರಿಯೂ ನಿಮ್ಮದೇ ಅಂತಾರೆ.”

“ಅಪ್ಪಾ, ಸುಳ್ಳು ಹೇಳಿದ್ರಾ?” ಎಂದಳು ಲಾವಣ್ಯಾ, ಬೆರಗಾಗಿ.

“ಎಲ್ಲಿದೆ ಅಂತ ಅವರು ಕೇಳಲಿಲ್ಲಮ್ಮ.”

ಪದ್ಮಾ ಖಾಲಿ ಕ್ಯಾರೆಟ್ ಚೀಲ ತಂದು ಅವರ ತೊಡೆಯ ಮೇಲಿಟ್ಟರು. ಕಡತ ಕಳೆದ ದೂರು ಸೋಮವಾರ ಯಾರ ಮೇಜಿಗೆ ಬರುತ್ತದೆಂದು ದೇವೇಂದ್ರಪ್ಪನವರಿಗೆ ಆಗ ನೆನಪಾಯಿತು. ಅದು ಅವರದೇ ಮೇಜು. ಕೆಲಸ ಬಾಕಿ ಇಟ್ಟು ಅಭ್ಯಾಸವಿಲ್ಲದವರು, ಪ್ಯಾಡು ತೆಗೆದು ತಮ್ಮ ಹೆಸರಿಗೆ ತಾವೇ ಎಡಗೈಯಲ್ಲಿ ಮೆಮೊ ಬರೆದರು: ‘ಮೂಲ ಕಡತ ಮನೆಗೆ ಒಯ್ದಿದ್ದೇಕೆ? ಕಾರಣ ತಿಳಿಸಿ.’ ಕೆಳಗೆ ಸಹಿ ಹಾಕಿ, ಮರಿಗಳು ಕಣ್ಣು ತೆರೆಯಲು ಎಷ್ಟು ದಿನ ಬೇಕೆಂದು ಮಗಳನ್ನು ಕೇಳಿ, ಉತ್ತರಕ್ಕೆ ಅಷ್ಟೇ ದಿನದ ಗಡುವು ಕೊಟ್ಟರು.