ಪೆಟ್ಟಿಗೆಗೆ ಗಂಡನ ಹೆಸರು ಹೇಳಿದ್ದು

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಕೂತರೆ ಏಳಬೇಕು, ಎದ್ದರೆ ಹೊರಡಬೇಕು ಅನ್ನಿಸುವ ಜಾತಿ ನಾನು. ಕಾಯುವುದು ಕೈಲಾಗದ ಕೆಲಸ. ಹಾಲು ಒಲೆಯ ಮೇಲಿಟ್ಟು, ನಿಲ್ಲಲಾರದೆ ಹಿತ್ತಿಲಿಗೆ ಹೋಗಿ ಎಷ್ಟು ಸಲ ಉಕ್ಕಿಸಿದ್ದೇನೋ. ಅಂಥವಳ ತಲೆಗೆ ಆ ಮಂಗಳವಾರ ಕಬ್ಬು ಕಡಿಸುವ ಕೆಲಸ ಬಿತ್ತು. ಕಡಿಯುವ ಆಳುಗಳು ಗದ್ದೆಯ ಬದಿಯಲ್ಲೇ ಗುಡಿಸಲು ಹಾಕಿ ಕೂತಿದ್ದರು. ಆದರೆ ಸಕ್ಕರೆ ಕಾರ್ಖಾನೆಯಿಂದ ಆರ್ಡರು ಬಾರದೆ ಕತ್ತಿ ಹಾಕುವಂತಿಲ್ಲ. ಆಳುಗಳ ಮೇಸ್ತ್ರಿ ಬಂದು, "ಅವ್ವಾ, ನಾಳೆ ಮದ್ಯಾನದೊಳ್ಗೆ ಆರ್ಡ್ರು ಬರ್ನಿಲ್ಲ ಅಂದ್ರೆ ಬೇರೆ ಗದ್ದೆಗೆ, ಕಿರುಗಾವ್ಲಿಗೆ ಒಂಟೋಯ್ತೀವಿ. ಆಮೇಕೆ ನಿನ್ ಕಬ್ಬ ನೀನೇ ತಿನ್ಕೊ" ಅಂದ. ನನಗೆ ಹಲ್ಲಿಲ್ಲ. ಅದು ಅವನಿಗೂ ಗೊತ್ತು.

ಫೋನ್ ಮಾಡಿದೆ. ಮೊದಲಾದರೆ ಕಾರ್ಖಾನೆ ಆಫೀಸಿನಲ್ಲಿ ಯಾರಾದರೊಬ್ಬರು ಎತ್ತಿ ಬೈಸಿಕೊಳ್ಳುತ್ತಿದ್ದರು. ಈಗ ಅಲ್ಲಿನವರೆಲ್ಲರ ಫೋನಿಗೂ ವಾಯ್ಸ್ ಮೇಲ್ ಅನ್ನುವ ಮಾತಿನ ಪೆಟ್ಟಿಗೆ ಹಾಕಿಸಿದ್ದಾರೆ. ನಾವಾಡಿದ ಮಾತು ಯಾವುದೋ ದೂರದೂರಿನ ಕಂಪ್ಯೂಟರಿನಲ್ಲಿ ಕೂತಿರುತ್ತದಂತೆ, ಸಾಹೇಬರು ಬಿಡುವಾದಾಗ ಕೇಳಿಕೊಳ್ಳುತ್ತಾರಂತೆ. ಒಬ್ಬಳು ಹೆಣ್ಣುಮಗಳು ನಯವಾಗಿ, "ಬೆಳೆಗಾರರ ಹೆಸರು ಮತ್ತು ವಿಷಯ ತಿಳಿಸಿ" ಅಂದಳು. ಕುಂಯ್ ಅಂತು.

ಎಡವಟ್ಟಾದದ್ದು ಇಲ್ಲೇ. ಜಮೀನಿರುವುದು ಯಜಮಾನರ ಹೆಸರಿನಲ್ಲಿ. ಮದುವೆಯಾದಾಗಿನಿಂದ ಆ ಹೆಸರನ್ನು ನಾನು ಬಾಯಲ್ಲಿ ಆಡಿದವಳಲ್ಲ. ಭಕ್ತಿಯೂ ಅಲ್ಲ, ಪ್ರೀತಿಯೂ ಅಲ್ಲ, ಅಭ್ಯಾಸ. ವೋಟಿನವರು, ರೇಷನ್ನಿನವರು ಕೇಳಿದರೆ ಸುಳಿವು ಕೊಡುತ್ತೇನೆ. ಅವರು ಹೇಳುತ್ತಾರೆ, ನಾನು ತಲೆಯಾಡಿಸುತ್ತೇನೆ. ಪೆಟ್ಟಿಗೆಗೂ ಹಾಗೇ ಅಂದೆ: "ನಮ್ಮನೆಯವ್ರು ಕಣವ್ವ. ಬಾನುವಾರ ಆದ್ಮೇಲೆ ಯಾವ್ ವಾರ ಬತ್ತದೆ? ಅದೇಯ. ಮುಂದಕ್ಕೆ ಗೌಡ ಸೇರ್ಸ್ಕೊ. ಕಬ್ಬ ಕಡಿಯಕ್ಕೆ ಆರ್ಡ್ರು ಕೊಟ್ಬುಡಿ." ಅವಳು ಹೇಳಲಿ ಅಂತ ಕಾದೆ. ಹೇಳಲಿಲ್ಲ. ನಾನೇ ತಲೆಯಾಡಿಸಿ ಫೋನಿಟ್ಟೆ.

ಸಾಯಂಕಾಲ ಕಾರ್ಖಾನೆಯ ಫೀಲ್ಡ್‌ಮನ್ ಬೈಕಿನಲ್ಲಿ ಬಂದ. "ಅಜ್ಜೀ, ದನಿಯಲ್ಲೇ ನಿನ್ ಗುರ್ತು ಇಡುದ್ವಿ. ನೀ ಕೇಳ್ದಂಗೇ ಸಾಯೇಬ್ರು ಸೋಮ್ವಾರಕ್ಕೆ ಆರ್ಡ್ರು ಆಕವ್ರೆ."

"ಸೋಮ್ವಾರ ಅಂತ ಯಾರ್ಲಾ ಕೇಳ್ದೋರು?"

"ನೀನೇ ಕಣಜ್ಜಿ. ಬಾನುವಾರ ಆದ್ಮೇಲೆ ಬರೋ ವಾರ ಅಂದಿದ್ದೀಯ."

"ಲೇ, ಅದು ನನ್ ಗಂಡ ಕಣ್ಲಾ!"

ಅವನು ಬೈಕಿನ ಹ್ಯಾಂಡಲ್ ಮೇಲೆ ಬಿದ್ದು ನಕ್ಕ. ನೀನೇ ಹೇಳಿ ಸರಿಮಾಡಿಸೋ ಅಂದರೆ, "ನನ್ ಮಾತ್ಗೆ ಬೆಲೆ ಇಲ್ಲ, ಈಗೆಲ್ಲ ಪೆಟ್ಗೆ ಯವಾರ. ಸಾಯೇಬ್ರು ಬೆಳಿಗ್ಗೆ ಬಂದೇಟ್ಗೆ ಅದನ್ನೇ ಕೇಳೋದು. ಅಷ್ಟ್ರೊಳ್ಗೆ ಎಸ್ರು ನೆಟ್ಗೆ ಯೋಳ್ಬುಡು" ಅಂದ.

ನೀವೇ ಮಾತಾಡಿ ಅಂತ ಯಜಮಾನರ ಮುಂದೆ ಫೋನು ಹಿಡಿದೆ. "ಪೆಟ್ಗೆ ಜೊತೇಲಿ ಮಾತಾಡಕ್ಕೆ ನಂಗೇನ್ ತಲೆ ಕೆಟ್ಟದಾ?" ಅಂದು ಎಲೆಗೆ ಸುಣ್ಣ ಹಚ್ಚಿದರು.

ಮರುದಿನ ಬೆಳಿಗ್ಗೆ ಆಫೀಸು ತೆರೆಯುವ ಮೊದಲೇ ಕೊಟ್ಟಿಗೆಯಲ್ಲಿ ದನಗಳ ಮುಂದೆ ನಿಂತು ಫೋನ್ ಹಚ್ಚಿದೆ. ಕುಂಯ್ ಅಂತು. ಕಣ್ಣು ಮುಚ್ಚಿಕೊಂಡು, "ಸೋಮೇಗೌಡ! ಸೋಮ್ವಾರ ಅಲ್ಲ, ಇವತ್ತೇ ಕಡ್ಸಿ!" ಅಂತ ಕೂಗಿದೆ.

"ಓ... ಬಂದೇ!" ಅಂತ ಯಜಮಾನರು ಜಗುಲಿಯಿಂದ ಓಡಿಬಂದರು.

ಆರ್ಡರು ಮಧ್ಯಾಹ್ನದೊಳಗೇ ಬಂತು, ಅದು ಹಾಗಿರಲಿ. ಇಷ್ಟು ವರ್ಷ "ಇಕಾ, ಇಲ್ನೋಡಿ" ಅಂತ ಗಂಟಲು ಹರಿದುಕೊಂಡರೂ ಅಲ್ಲಾಡದಿದ್ದ ಆಸಾಮಿ, ಹೆಸರು ಹಿಡಿದು ಒಂದು ಸಲ ಕೂಗಿದ್ದಕ್ಕೆ ಓಡಿಬಂದಿದ್ದರು. ಮದುವೆಯ ದಿನವೇ ಬಾಯಿಬಿಡದೆ ಕೆಟ್ಟವಳು ನಾನೇ. ಬಂದವರನ್ನು ಸುಮ್ಮನೆ ಕಳಿಸಲು ಮನಸ್ಸಾಗಲಿಲ್ಲ; ಕೊಡ ಕೈಗಿತ್ತು ನೀರಿಗೆ ಕಳಿಸಿದೆ.